ಬೂದಿ ಮುಚ್ಚಿದ ಕೆಂಡ

ಮನೆಗೆ ಬಂದವರಿಗೆ ಕಾಫಿ ಕೊಡುವುದಕ್ಕೆ ಮೊದಲು “ಸಕ್ಕರೆ ಹಾಕಬಹುದಷ್ಟೆ?” ಎಂದು ಕೇಳಿಕೊಳ್ಳುವುದು ಈಗ ನಮ್ಮ ಗೃಹಸ್ಥರ ಉಪಚಾರಕ್ರಮದಲ್ಲಿಯೇ ಸೇರಿಹೋಗಿದೆ. ಹಿಂದಿನವರು ಕುಶಲಪ್ರಶ್ನೆಯೊಡನೆ ಮಳೆಬೆಳೆಗಳನ್ನು ವಿಚಾರಿಸುತ್ತಿದ್ದರು. ನಾವಾದರೋ ಬೆಳಗಿನ ಬರಿಹೊಟ್ಟೆಯ ಸಕ್ಕರೆ ಎಷ್ಟು, ಊಟವಾದಮೇಲಿನದು ಎಷ್ಟು ಎಂದು ವಿಚಾರಿಸುತ್ತೇವೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದು 2023ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ ನಮ್ಮಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ ನೂರಕ್ಕೆ 11 ಮಂದಿಗೂ ಮೇಲು. ಹೀಗಿರುವಲ್ಲಿ ಈ ಮಾಸಿಕವನ್ನು ಓದುವ ಮನೆಗಳಲ್ಲಿ ಆ ರೋಗದ ಪರಿಚಯವಿಲ್ಲದ ಮನೆ ಸಿಕ್ಕುವುದು ಕಷ್ಟ.

ಸಕ್ಕರೆಯ ಮಾತನ್ನು ಎಲ್ಲರೂ ಆಡುತ್ತಾರಾದ್ದರಿಂದ ಅದನ್ನು ಇಲ್ಲಿಗೇ ಬಿಟ್ಟು, ಅದರ ಬೆನ್ನಿಗೆ ಸದ್ದಿಲ್ಲದೆ ಬರುವ ಮೂತ್ರಪಿಂಡದ ರೋಗವನ್ನು ಕುರಿತು ಬರೆಯಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಹುಡುಗರಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಆದರೆ ಈ ರೋಗ ನಮ್ಮ ಕುಟುಂಬಕ್ಕೆ ಒಂದು ಸಲ ಬಂದು, ಬಂದ ಕೆಲಸವನ್ನು ಮುಗಿಸಿಕೊಂಡು ಹೋಯಿತು. ಈಗ ಪುನಃ ಹೊಸಲಿನ ಬಳಿ ನಿಂತಿರುವ ಹಾಗೆ ತೋರಿದ ಕಾರಣ, ಅದರ ಹೆಜ್ಜೆಯ ಗುರುತನ್ನು ಮುಂಚಿತವಾಗಿ ಹಿಡಿಯುವ ಬಗೆ ಯಾವುದು ಎಂದು ತಿಳಿದವರನ್ನು ಕೇಳುವುದೂ ದೊರೆತದ್ದನ್ನು ಓದುವುದೂ ನನಗೆ ಅನಿವಾರ್ಯವಾಯಿತು.

ಮೊದಲು ಬಂದದ್ದು ನಮ್ಮ ಅತ್ತೆಯವರಿಗೆ. ಇಪ್ಪತ್ತು ವರ್ಷ ಪರ್ಯಂತ ಆಕೆ ಮಧುಮೇಹವನ್ನು ಹೂವಿನ ಹಾಗೆ ಹಗುರವಾಗಿ ಹೊತ್ತರು. ಹಬ್ಬದ ಹೋಳಿಗೆಯನ್ನು ಬಡಿಸುವುದರಲ್ಲಿದ್ದ ಉತ್ಸಾಹ ತಿನ್ನುವುದರಲ್ಲಿರಲಿಲ್ಲವಾದ್ದರಿಂದ ಪಥ್ಯ ಅವರಿಗೆ ಶಿಕ್ಷೆಯಾಗಲಿಲ್ಲ. ಆಮೇಲೆ ಒಂದು ವರ್ಷ ಸಂಜೆಯ ಹೊತ್ತಿಗೆ ಪಾದಗಳು ಊದತೊಡಗಿದುವು, ಬೆಳಗ್ಗೆ ಇಳಿಯುತ್ತಿದ್ದುವು. ಊಟ ಸೇರದಾಯಿತು. ಪರೀಕ್ಷೆಮಾಡಿದ ವೈದ್ಯರು ಎರಡು ಮೂತ್ರಪಿಂಡಗಳ ಕೆಲಸವೂ ಕೂಡಿ ನೂರಕ್ಕೆ ಹನ್ನೆರಡರಷ್ಟು ಮಾತ್ರ ಉಳಿದಿದೆಯೆಂದರು. ಒಂದು ದಿನವಾದರೂ ನೋವೆಂಬುದಿರಲಿಲ್ಲ! ಆಮೇಲಿನ ಮೂರು ವರ್ಷ ವಾರಕ್ಕೆ ಎರಡಾವೃತ್ತಿ ಡಯಾಲಿಸಿಸ್ ನಡೆಯಿತು. ಪ್ರತಿ ಸಲವೂ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ತಾಯಿ, ಹೊರಗಿನ ಬೆಂಚಿನ ಮೇಲೆ ಮಗ. ಆ ಮಗನೇ ನನ್ನ ಹೆಂಡತಿಯ ಅಣ್ಣ, ನಮ್ಮ ಭಾವನವರು. ಈ ಬರಹದಲ್ಲಿ ಅವರು ಮುಂದೆಯೂ ಬರುತ್ತಾರೆ. ಅವರಿಗೂ ಹನ್ನೆರಡು ವರ್ಷಗಳಿಂದ ಮಧುಮೇಹವುಂಟೆಂಬುದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಮೂತ್ರಪಿಂಡದಷ್ಟು ಸಹನೆಯುಳ್ಳ ಅಂಗ ಶರೀರದಲ್ಲಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮುಷ್ಟಿಗಾತ್ರದ ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುಕಗಳಿವೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಪುನಃ ಒಳಕ್ಕೆ ಸೆಳೆದುಕೊಂಡು, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಡುತ್ತವೆ. ಕೆಲವು ಸೋಸುಕಗಳು ಕೆಟ್ಟರೆ ಉಳಿದವು ಅವುಗಳ ಪಾಲಿನ ದುಡಿಮೆಯನ್ನೂ ಹೊರುತ್ತವೆ, ದೂರು ಹೇಳುವುದಿಲ್ಲ. ಒಟ್ಟು ಕುಟುಂಬದಲ್ಲಿ ಇಂಥ ಒಬ್ಬ ಸೊಸೆ ಇರುತ್ತಾಳಲ್ಲವೆ? ಆಕೆ ಹಾಸಿಗೆ ಹಿಡಿದ ದಿನವೇ ಮನೆಯವರಿಗೆ ಸಂಗತಿ ತಿಳಿಯುವುದು.

ಮಾತನಾಡದ ಅಂಗವನ್ನು ಮಾತನಾಡಿಸುವ ಉಪಾಯವನ್ನು ಮೊದಲು ಪ್ರಸಿದ್ಧಿಪಡಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯ. 1827ರಲ್ಲಿ ಅವನು ಅಚ್ಚುಹಾಕಿಸಿದ ಗ್ರಂಥದಲ್ಲಿ ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಕಾಯಿಸಿದಾಗ ಅದು ಗರಣೆಕಟ್ಟುವುದೆಂಬುದನ್ನೂ, ಅಂಥವರು ಸತ್ತಮೇಲೆ ನೋಡಲಾಗಿ ಮೂತ್ರಪಿಂಡಗಳು ಕೆಟ್ಟಿದ್ದುವೆಂಬುದನ್ನೂ ಸೇರಿಸಿ ಹೇಳಿದನು. ಒಂದು ಚಮಚ, ಒಂದು ಮೋಂಬತ್ತಿ, ಇಷ್ಟೇ ಅವನ ಪ್ರಯೋಗಶಾಲೆಯ ಸಾಮಗ್ರಿ. ಕೋಳಿಮೊಟ್ಟೆಯ ಬಿಳಿಯ ಲೋಳೆ ಕಾವಿಗೆ ಗಟ್ಟಿಯಾಗುವ ಹಾಗೆಯೇ ಮೂತ್ರಕ್ಕೆ ಸೋರಿಬಂದ ಆಲ್ಬುಮಿನ್ ಎಂಬ ಪ್ರೋಟೀನೂ ಗಟ್ಟಿಯಾಗುತ್ತದೆ. ಸೋಸುಕ ಸರಿಯಾಗಿದ್ದರೆ ಅದು ರಕ್ತದಲ್ಲಿಯೇ ನಿಲ್ಲತಕ್ಕದ್ದು. ಜರಡಿ ಹರಿದಾಗ ಹಿಟ್ಟಿನ ಜತೆಗೆ ತೌಡೂ ಬೀಳುತ್ತದಷ್ಟೆ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು ಮಧುಮೇಹಿಗಳ ಮೂತ್ರಪಿಂಡದ ಸೋಸುಕಗಳಲ್ಲಿ ಕಾಣುವ ವಿಶಿಷ್ಟವಾದ ಗಂಟುಗಳನ್ನು ವರ್ಣಿಸಿದಮೇಲೆ ಈ ಎರಡು ರೋಗಗಳ ನಂಟು ಸ್ಪಷ್ಟವಾಯಿತು. ಇನ್‌ಸುಲಿನ್ನು 1922ರಲ್ಲಿ ಮೊದಲ ರೋಗಿಗೆ ಸಿಕ್ಕಿದಂದಿನಿಂದ ಮಧುಮೇಹಿಗಳು ಬಹುಕಾಲ ಬಾಳತೊಡಗಿದ್ದರು; ಬಹುಕಾಲ ಬಾಳಿದವರಲ್ಲಿಯೇ ಈ ನಿಧಾನವಾದ ಕೇಡು ಕಣ್ಣಿಗೆ ಬೀಳಬೇಕಷ್ಟೆ.

ಚಮಚದ ಪರೀಕ್ಷೆಗೆ ಸಿಕ್ಕುವಷ್ಟು ಆಲ್ಬುಮಿನ್ ಬರುವ ಹೊತ್ತಿಗೆ ಹಾನಿ ದೂರ ಹೋಗಿರುತ್ತದೆ. ಅದೇ ಗೈಸ್ ಆಸ್ಪತ್ರೆಯಲ್ಲಿ ಹ್ಯಾರಿ ಕೀನ್ ಮತ್ತು ಅವರ ಜತೆಯವರು 1963ರಲ್ಲಿ ಬಹು ಸ್ವಲ್ಪ ಪ್ರಮಾಣವನ್ನೂ ಅಳೆಯುವ ವಿಧಾನವನ್ನು ಕಂಡರು. ಅದರಿಂದಲೇ ಇಂದಿನ ಲೆಕ್ಕ ಹುಟ್ಟಿದ್ದು: ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ಸರಿ, 30ರಿಂದ 300ರವರೆಗೆ ಎಚ್ಚರಿಕೆ, 300ನ್ನು ದಾಟಿದರೆ ರೋಗ ಬಲಿತಿದೆಯೆಂದು ಅರ್ಥ. ನೆರೆಯ ಚೆನ್ನೈ ನಗರದ ಮಧುಮೇಹಿಗಳನ್ನು ಹೀಗೆ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಬಲಿತ ರೋಗವುಳ್ಳವರು ನೂರಕ್ಕೆ 2.2 ಆದರೆ, ಎಚ್ಚರಿಕೆಯ ಮೆಟ್ಟಿಲಲ್ಲಿದ್ದವರು 26.9. ಎಂದರೆ ನಾಲ್ವರಲ್ಲಿ ಒಬ್ಬರಿಗೂ ಮಿಗಿಲು.

ಕಳೆದ ವರ್ಷ ನನ್ನ ಹೆಂಡತಿಯೂ ಆ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಂಕಿ 68. ರಕ್ತದ ಕ್ರಿಯಾಟಿನಿನ್ ಸರಿಯಾಗಿತ್ತು, ರಕ್ತದ ಒತ್ತಡ ಮಾತ್ರೆಯಿಂದ ಹತೋಟಿಯಲ್ಲಿತ್ತು. ಆದರೆ ಈ 68 ಎಂಬುದನ್ನು ಕೇಳಿದಾಗ ಆಕೆ ಏನನ್ನೂ ಹೇಳದೆ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡಳು. ತಾಯಿಯ ನೆನಪು ಬಂದಿತ್ತೆಂದು ನಾನು ಕೇಳಬೇಕಾಗಿರಲಿಲ್ಲ.

ನಮ್ಮ ವೈದ್ಯರು ಸಾವಧಾನದ ಮನುಷ್ಯರು. ಒಂದು ಪರೀಕ್ಷೆಯಿಂದ ನಿರ್ಣಯಮಾಡಲಾಗದು, ಜ್ವರವಿದ್ದರೂ ಮೂತ್ರದಲ್ಲಿ ಸೋಂಕಿದ್ದರೂ ವಿಪರೀತ ಶ್ರಮಪಟ್ಟಿದ್ದರೂ ಈ ಅಂಕಿ ಏರುತ್ತದೆ, ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲವಾದರೂ ಹೆಚ್ಚಾಗಿದ್ದರೆ ನಂಬೋಣ ಎಂದರು. ನಂಬಿದ ಮೇಲಾದರೂ ಮುಂದೇನಾಗುವುದೆಂದು ಅದೊಂದೇ ಹೇಳಲಾರದಂತೆ. ಬಾಸ್ಟನ್ ಪಟ್ಟಣದ ಜಾಸ್ಲಿನ್ ಮಧುಮೇಹ ಕೇಂದ್ರದವರು 2003ರಲ್ಲಿ ಪ್ರಕಟಿಸಿದಂತೆ, ಚಿಕ್ಕಂದಿನಲ್ಲಿಯೇ ಬರುವ ಒಂದನೆಯ ಬಗೆಯ ಮಧುಮೇಹದಲ್ಲಿ ಎಚ್ಚರಿಕೆಯ ಮೆಟ್ಟಿಲಿಗೆ ಬಂದವರ ಪೈಕಿ ನೂರಕ್ಕೆ 58 ಜನರಲ್ಲಿ ಆರು ವರ್ಷದೊಳಗೆ ಆಲ್ಬುಮಿನ್ ಗಣನೀಯವಾಗಿ ಇಳಿದಿತ್ತು. ಮತ್ತೊಂದು ಕಡೆ, ಆಲ್ಬುಮಿನ್ ಹೆಚ್ಚಾಗದೆಯೇ ಮೂತ್ರಪಿಂಡದ ಶಕ್ತಿ ಕುಂದುವವರೂ ಉಂಟು. ಆದಕಾರಣ ಯಾರು ಇಳಿಜಾರಿನಲ್ಲಿದ್ದಾರೆ, ಯಾರು ಸಮತಟ್ಟಿನಲ್ಲಿದ್ದಾರೆ ಎಂದು ತಿಳಿಸುವ ಬೇರೊಂದು ಗುರುತು ಬೇಕೆಂದು ಪಂಡಿತರು ಹುಡುಕುತ್ತ ಹೋದರು. ಅವರ ಹುಡುಕಾಟ ಉರಿಯೂತದ ಬಳಿಗೆ ಬಂದು ನಿಂತಿತು.

ಉರಿಯೂತವೆಂಬ ಮಾತು ನಮ್ಮ ಭಾಷೆಯಲ್ಲಿ ತನ್ನ ಅರ್ಥವನ್ನು ತಾನೇ ಹೇಳುತ್ತದೆ: ಉರಿಯೂ ಉಂಟು, ಊತವೂ ಉಂಟು. ರೋಮನ್ ಗ್ರಂಥಕರ್ತನಾದ ಸೆಲ್ಸಸ್ ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿಯೇ ಕೆಂಪು, ಊತ, ಕಾವು, ನೋವು ಎಂದು ಅದರ ಲಕ್ಷಣಗಳನ್ನು ಎಣಿಸಿಟ್ಟನು. ಕಾಲಿಗೆ ಮುಳ್ಳು ಚುಚ್ಚಿದಾಗ ಇವೆಲ್ಲವನ್ನೂ ನಾವು ನೋಡಿಯೇ ಇದ್ದೇವೆ. ಅದು ಶರೀರದ ಕಾವಲುಗಾರರು ಕಳ್ಳನನ್ನು ಹೊಡೆಯುವ ಗದ್ದಲ. ಕಳ್ಳ ಹೋದಮೇಲೆ ಅಡಗಬೇಕಾದದ್ದು. ಆದರೆ ಮಧುಮೇಹದಲ್ಲಿ ಒಂದು ಬಗೆಯ ಸಣ್ಣ ಉರಿ ಕೆಂಪಾಗಲಿ ನೋವಾಗಲಿ ಇಲ್ಲದೆ ವರ್ಷಗಟ್ಟಲೆ ಆರದೆ ಇರುತ್ತದೆ. ನಮ್ಮ ಅಜ್ಜಿಯರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೇಲೆ ಕೈಯಿಟ್ಟರೆ ತಣ್ಣಗೆ. ಬೆಳಗ್ಗೆ ಊದಿದರೆ ಹೊಗೆ.

ಈ ಕೆಂಡಕ್ಕೆ ಇಂಧನವೆಲ್ಲಿಂದ? ಹೆಚ್ಚಿದ ಸಕ್ಕರೆಯೊಂದು, ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಇನ್ನೊಂದು. ಕೊಬ್ಬೆಂಬುದು ಸುಮ್ಮನೆ ಕಣಜದಲ್ಲಿ ತುಂಬಿಟ್ಟ ಧಾನ್ಯವೆಂದು ಬಹುಕಾಲ ತಿಳಿದಿದ್ದರು. 1993ರಲ್ಲಿ ಅಮೆರಿಕಾದ ಹೊತಾಮಿಸ್ಲಿಗಿಲ್, ಸ್ಪೀಗಲ್‌ಮನ್ ಮೊದಲಾದವರು ಕೊಬ್ಬಿದ ಇಲಿಗಳ ಮೇದಸ್ಸು ಟಿ.ಎನ್.ಎಫ್. ಎಂಬ ಉರಿಯೂತದ ದ್ರವ್ಯವನ್ನು ತಾನೇ ಉತ್ಪತ್ತಿಮಾಡುವುದೆಂದು ತೋರಿಸಿದರು. ಇಂಥ ದ್ರವ್ಯಗಳು ರಕ್ತದೊಡನೆ ಸೋಸುಕಗಳಿಗೆ ಹೋಗುತ್ತವೆ. ಸಕ್ಕರೆಯಿಂದ ಬಳಲಿದ ಸೋಸುಕದ ಜೀವಕೋಶಗಳೂ ತಾವಾಗಿ ಇನ್ನಷ್ಟು ಸಂಕೇತಗಳನ್ನು ಕಳುಹಿಸಿ ರಕ್ತದ ಬಿಳಿಯ ಕಣಗಳನ್ನು ಕರೆಯುತ್ತವೆ. ಬಂದವು ಅಲ್ಲಿಯೇ ಬಿಡಾರ ಹೂಡುತ್ತವೆ. ಅವು ಮಾಡಿದ ಗಾಯ ಮಾಯುವಾಗ ನಾರುಗಟ್ಟುತ್ತದೆ, ನಾರುಗಟ್ಟಿದ ಸೋಸುಕ ಪುನಃ ಕೆಲಸಕ್ಕೆ ಬಾರದು.

ಕೆಂಡವಿದೆಯೆಂದು ತಿಳಿಯುವ ಹಳೆಯ ಉಪಾಯಗಳು ಎರಡು ಮೂರಿವೆ. ನಿಲ್ಲಿಸಿದ ಕೊಳವೆಯಲ್ಲಿ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುವುವೆಂದು ನೋಡುವ ಇ.ಎಸ್.ಆರ್. ಪರೀಕ್ಷೆ ನೂರು ವರ್ಷಕ್ಕೂ ಹಿಂದಿನದು. ಸಿ.ಆರ್.ಪಿ. ಎಂಬ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ಇದು ಈಗ ಎಲ್ಲ ಊರುಗಳಲ್ಲಿಯೂ ಅಳೆಯಲ್ಪಡುತ್ತದೆ. ಆದರೆ ಇದಕ್ಕೊಂದು ದೋಷ: ಹಲ್ಲು ಕೀವಾದರೂ ಏರುತ್ತದೆ, ನೆಗಡಿಯಾದರೂ ಏರುತ್ತದೆ. ಊರಿನಲ್ಲೆಲ್ಲಿಯೋ ಹೊಗೆಯೆದ್ದಿದೆ ಎನ್ನುತ್ತದೆಯೇ ಹೊರತು ಯಾರ ಮನೆಯಲ್ಲಿ ಎಂದು ಹೇಳುವುದಿಲ್ಲ.

ಮನೆಯನ್ನು ತೋರಿಸುವ ಗುರುತು ಸಿಕ್ಕಿದ್ದು ಆಮೇಲೆ. ಮೇಲೆ ಹೇಳಿದ ಟಿ.ಎನ್.ಎಫ್. ಜೀವಕೋಶಗಳ ಮೇಲಿರುವ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸಮಾಡುತ್ತದೆ. ಈ ಗ್ರಾಹಕಗಳು ಕಳಚಿಕೊಂಡು ರಕ್ತದಲ್ಲಿಯೂ ತೇಲುತ್ತವೆ. ಜಾಸ್ಲಿನ್ ಕೇಂದ್ರದವರು ತಮ್ಮಲ್ಲಿಗೆ ಬಂದ ರೋಗಿಗಳ ರಕ್ತವನ್ನು ಹಿಮದಂತೆ ಹೆಪ್ಪುಗಟ್ಟಿಸಿ, ನಾವು ಉಪ್ಪಿನಕಾಯಿಯ ಜಾಡಿಗಳನ್ನು ಅಟ್ಟದ ಮೇಲೆ ಸಾಲಾಗಿಡುವ ಹಾಗೆ ಇಟ್ಟಿದ್ದರು. ರೋಗಿಗಳ ಗತಿ ಏನಾಯಿತೆಂಬುದು ಎಂಟು ಹನ್ನೆರಡು ವರ್ಷದ ಮೇಲೆ ತಿಳಿದಿದ್ದಾಗ ಹಳೆಯ ರಕ್ತವನ್ನು ತೆಗೆದು ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ಶೋಧನೆಯಲ್ಲಿ ಎರಡನೆಯ ಬಗೆಯ, ಎಂದರೆ ನಮ್ಮಲ್ಲಿ ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಮಧುಮೇಹದ, 410 ಜನರಿದ್ದರು. ಅವರಲ್ಲಿ 59 ಮಂದಿಗೆ ಮೂತ್ರಪಿಂಡ ಪೂರಾ ನಿಂತುಹೋಗಿತ್ತು. ಹಲವು ಗುರುತುಗಳನ್ನು ಹೋಲಿಸಿ ನೋಡಲಾಗಿ ಈ ಗ್ರಾಹಕಗಳೆರಡು ಉಳಿದವನ್ನೆಲ್ಲ ಹಿಂದಿಕ್ಕಿದುವು. ಒಂದನೆಯ ಗ್ರಾಹಕ ಯಾರ ರಕ್ತದಲ್ಲಿ ಅತ್ಯಧಿಕವಾಗಿತ್ತೋ ಆ ಕಾಲುಭಾಗದ ಜನರಲ್ಲಿ ಹನ್ನೆರಡು ವರ್ಷದೊಳಗೆ ನೂರಕ್ಕೆ 54 ಮಂದಿಗೆ ಈ ದುರವಸ್ಥೆ ಒದಗಿತು. ಉಳಿದ ಮುಕ್ಕಾಲು ಭಾಗದಲ್ಲಿ ನೂರಕ್ಕೆ 3.

54 ಎಲ್ಲಿ, 3 ಎಲ್ಲಿ! ಗಣಿತದ ಉಪಾಧ್ಯಾಯನಾದ ನನಗೆ ಅಂಕಿಗಳು ಬೆರಗುಗೊಳಿಸುವುದು ಅಪರೂಪ; ಇವು ಬೆರಗುಗೊಳಿಸಿದುವು. 2019ರಲ್ಲಿ ಅದೇ ಕೇಂದ್ರದ ನಿಯೆವ್‌ಚಾಸ್, ಕ್ರೊಲೆವ್‌ಸ್ಕಿ ಮೊದಲಾದವರು ಇನ್ನೂ ವಿಸ್ತಾರವಾಗಿ 194 ಉರಿಯೂತದ ಪ್ರೋಟೀನುಗಳನ್ನು ಮೂರು ತಂಡದ ರೋಗಿಗಳಲ್ಲಿ ಅಳೆದು, ಅವುಗಳಲ್ಲಿ 17 ಕೂಡಿದ ಒಂದು ಗುಂಪೇ ಮೂತ್ರಪಿಂಡದ ಕೇಡನ್ನು ಮುಂಗಾಣಿಸುವುದೆಂದು ಸಾರಿದರು. ಎರಡು ಬಗೆಯ ಮಧುಮೇಹದಲ್ಲಿಯೂ ಅದು ನಿಜವಾಯಿತು. ಅಮೆರಿಕಾದ ಮೂಲನಿವಾಸಿಗಳಾದ ಪೀಮಾ ಜನರಲ್ಲಿಯೂ ನಿಜವಾಯಿತು.

ಆದರೂ ಇದು ಜಾತಕವಲ್ಲವೆಂಬುದನ್ನು ಮರೆಯಬಾರದು. ನೂರರಲ್ಲಿ 54 ಎಂದರೆ ಉಳಿದ 46 ಜನ ಅದೇ ಅಧಿಕ ಪ್ರಮಾಣದ ಗ್ರಾಹಕಗಳನ್ನಿಟ್ಟುಕೊಂಡೂ ಆ ಸ್ಥಿತಿಗೆ ಹೋಗಲಿಲ್ಲವೆಂದು ಅರ್ಥ. ಅಲ್ಲದೆ ಸೋಸುಕ ಮಂದವಾದಾಗ ಇಂಥ ಸಣ್ಣ ಪ್ರೋಟೀನುಗಳು ಹೊರಹೋಗದೆ ರಕ್ತದಲ್ಲಿ ನಿಲ್ಲುವುದೂ ಉಂಟಾದ್ದರಿಂದ, ಯಾವುದು ಕಾರಣ ಯಾವುದು ಕಾರ್ಯವೆಂಬ ಚರ್ಚೆ ಪೂರ್ತಿ ತೀರಿಲ್ಲ. ಈ ಗ್ರಾಹಕಗಳನ್ನೂ ಇನ್ನು ಕೆಲವು ಲೆಕ್ಕಗಳನ್ನೂ ಸೇರಿಸಿ ಮಾಡುವ ಪರೀಕ್ಷೆಯೊಂದಕ್ಕೆ ಅಮೆರಿಕಾ ಸರ್ಕಾರದ ಔಷಧ ಇಲಾಖೆ 2023ರಲ್ಲಿ ಅನುಮತಿಯಿತ್ತಿತು. ನಮ್ಮ ಬೀದಿಯ ಪ್ರಯೋಗಾಲಯಗಳಲ್ಲಿ ಅದು ನಿತ್ಯದ ಪರೀಕ್ಷೆಯಲ್ಲ. ಇಲ್ಲಿ ನಡೆಯುವುದು ಬೇರೆ ವ್ಯಾಪಾರ. “ಸಂಪೂರ್ಣ ಉರಿಯೂತ ತಪಾಸಣೆ” ಎಂಬ ಹೆಸರಿನಲ್ಲಿ ಸಿ.ಆರ್.ಪಿ.ಯನ್ನೂ ಇ.ಎಸ್.ಆರ್. ಅನ್ನೂ ನಾಲ್ಕು ಬಣ್ಣದಲ್ಲಿ ಅಚ್ಚುಹಾಕಿ, ಮಿತಿಮೀರಿದ ಅಂಕಿಯ ಮುಂದೆ ಕೆಂಪು ಬಾಣ ಬರೆದು ಕೊಟ್ಟರೆ ಅದಕ್ಕೆ ಒಂದು ವಾರದ ತರಕಾರಿಯ ಬೆಲೆ! ನಮ್ಮ ಭಾವನವರು ತಂಗಿಯ ಮೇಲಿನ ಪ್ರೀತಿಯಿಂದ ಅಂಥದೊಂದನ್ನು ಮಾಡಿಸಿದರು. ಸಿ.ಆರ್.ಪಿ. 6ನ್ನು ದಾಟಿತ್ತು. ಕೆಂಪು ಬಾಣ ಬಂದಿತು. ಕಾಗದವನ್ನು ಹಿಡಿದುಕೊಂಡು ಭಾವನವರೂ ಬಂದರು.

“ನೋಡಿ ಮೇಷ್ಟ್ರೆ, ಉರಿಯೂತವೇ ಮೂತ್ರಪಿಂಡವನ್ನು ಕೆಡಿಸುವುದು ಎಂದು ನೀವೇ ಓದಿ ಹೇಳಿದಿರಿ. ಇವಳ ಮಂಡಿನೋವಿಗೆ ತರುವ ಮಾತ್ರೆ ಯಾವುದು? ಉರಿಯೂತವನ್ನು ಇಳಿಸುವ ಮಾತ್ರೆ. ಹಾಗಾದಮೇಲೆ ನೋವು ಬಂದಾಗ ಮಾತ್ರ ಏಕೆ, ದಿನಕ್ಕೊಂದು ನುಂಗಲಿ. ಮಂಡಿಗೂ ಆಯಿತು, ಮೂತ್ರಪಿಂಡಕ್ಕೂ ಆಯಿತು” ಎಂದರು.

ಪ್ರಮೇಯ ಸಾಧಿಸಿದ ಹಾಗೆಯೇ ಇತ್ತು. ನನ್ನ ಹೆಂಡತಿಗೂ ಅದು ಹಿತವಾದ ಮಾತಾಗಿ ಕೇಳಿಸಿತು. ಮಂಡಿನೋವಿನ ಬಾಧೆಯನ್ನು ಅನುಭವಿಸುತ್ತಿದ್ದವಳು ಅವಳಲ್ಲವೆ? “ಅಣ್ಣ ಹೇಳುವುದೂ ಸರಿಯಾಗಿದೆಯಲ್ಲ, ಏನನ್ನುತ್ತೀರಿ?” ಎಂದು ನನ್ನ ಮುಖ ನೋಡಿದಳು. ಇಲ್ಲಿ ಎಲ್ಲಿಯೋ ಒಂದು ಮೆಟ್ಟಿಲು ಸಡಿಲವಾಗಿದೆಯೆಂದು ನನಗೆ ತೋರಿತಾದರೂ ಯಾವುದೆಂದು ಹೇಳಲು ನನ್ನ ಓದು ಸಾಲದು. “ಭಾವ, ನಾಳೆ ನಾವು ಮೂವರೂ ಹೋಗಿ ವೈದ್ಯರನ್ನೇ ಕೇಳೋಣ. ಅದುವರೆಗೂ ಮಾತ್ರೆ ಬೇಡ” ಎಂದೆ.

ವೈದ್ಯರು ಕೇಳಿ ನಗಲಿಲ್ಲ. ಇದೇ ಮಾತನ್ನು ತಿಂಗಳಿಗೆ ಇಬ್ಬರಾದರೂ ಆಡುತ್ತಾರೆಂದು ಹೇಳಿ, ಒಂದು ಕಾಗದವನ್ನು ತೆಗೆದುಕೊಂಡು ಕೆರೆಯೊಂದನ್ನು ಬರೆದರು. ಕೆರೆಗೆ ನೀರು ಬರುವ ಕಾಲುವೆ ಒಂದು, ಹೋಗುವ ತೂಬು ಒಂದು. ಒಂದೊಂದು ಸೋಸುಕವೂ ಹೀಗೆಯೇ; ರಕ್ತ ಬರುವ ನಾಳದ ಬಾಯಿಯನ್ನು ತೆರೆದಿಡುವುದು ಪ್ರಾಸ್ಟಗ್ಲಾಂಡಿನ್ ಎಂಬ ದ್ರವ್ಯ. ಮಂಡಿಯಲ್ಲಿ ಊತವನ್ನೂ ನೋವನ್ನೂ ಹೆಚ್ಚಿಸುವುದೂ ಅದೇ ದ್ರವ್ಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು ಅದು ಹುಟ್ಟದಂತೆ ತಡೆಯುತ್ತವೆ. ಮಂಡಿಗೆ ಸುಖವಾಗುತ್ತದೆ, ಮೂತ್ರಪಿಂಡದ ಕಾಲುವೆಯ ಬಾಯಿ ಕಿರಿದಾಗುತ್ತದೆ. ಗಟ್ಟಿಮುಟ್ಟಾದ ತರುಣನಿಗೆ ನಾಲ್ಕು ದಿನ ಅದರಿಂದ ತೊಂದರೆಯಾಗುವುದು ಅಪರೂಪ. ಆದರೆ ಮಧುಮೇಹಿಗಳಿಗೆ ಮೂತ್ರಪಿಂಡದ ರಕ್ಷಣೆಗೆಂದೇ ಕೊಡುವ ಒತ್ತಡದ ಮಾತ್ರೆ ಹೋಗುವ ತೂಬನ್ನು ಸಡಿಲಿಸುತ್ತದೆ. ಇವಳು ಅದನ್ನು ತೆಗೆದುಕೊಳ್ಳುತ್ತಿದ್ದಳು. ಬರುವುದು ಕಡಮೆ, ಹೋಗುವುದು ಸರಾಗ. ಅಂದಮೇಲೆ ಕೆರೆಯಲ್ಲಿ ನೀರು ನಿಲ್ಲುವುದೆಂತು? ಇದರ ಜತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ, ಭೇದಿಯೋ ವಾಂತಿಯೋ ಆದ ದಿನ ಬಂದರೆ ಮೂತ್ರಪಿಂಡ ಒಂದೆರಡು ದಿನದಲ್ಲಿಯೇ ಕೆಲಸ ನಿಲ್ಲಿಸಿದ ದೃಷ್ಟಾಂತಗಳುಂಟು.

“ಮಂಡಿಯ ಉರಿಯೂತ ಬೇರೆ, ಆ ಅಮೆರಿಕಾದವರು ಅಳೆದ ಉರಿಯೂತ ಬೇರೆ. ಒಲೆಯ ಉರಿಯೂ ಬಣವೆಗೆ ಬಿದ್ದ ಉರಿಯೂ ಉರಿಯೇ, ಎರಡಕ್ಕೂ ಒಂದೇ ಕೊಡದ ನೀರು ಸಾಲದು” ಎಂದರು ವೈದ್ಯರು.

ನಮ್ಮ ಭಾವನವರ ಪ್ರಮೇಯವನ್ನು ದೊಡ್ಡ ಪಂಡಿತರೂ ಪರೀಕ್ಷಿಸದೆ ಬಿಟ್ಟಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಆಸ್ಪಿರಿನ್ನಿನ ಜಾತಿಗೆ ಸೇರಿದ ಸ್ಯಾಲಿಸಿಲೇಟುಗಳು ಮೂತ್ರದ ಸಕ್ಕರೆಯನ್ನು ಇಳಿಸುವುವೆಂದು ಜರ್ಮನಿಯ ಎಬ್‌ಸ್ಟೈನ್ 1876ರಲ್ಲಿಯೇ ಬರೆದಿದ್ದನು. ಅದನ್ನು ನೆನೆದು ಜಾಸ್ಲಿನ್ ಕೇಂದ್ರದವರ ಮುಂದಾಳುತನದಲ್ಲಿ ಸಾಲ್ಸಲೇಟ್ ಎಂಬ ಆ ಜಾತಿಯ ಔಷಧವನ್ನು ಒಂದು ವರ್ಷದ ಕಾಲ ಮಧುಮೇಹಿಗಳಿಗೆ ಕೊಟ್ಟು ನೋಡಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ಸಕ್ಕರೆ ಸ್ವಲ್ಪ ಇಳಿಯಿತು, ಉರಿಯೂತದ ಗುರುತೂ ಇಳಿಯಿತು. ಮೂತ್ರದಲ್ಲಿ ಆಲ್ಬುಮಿನ್ ಮಾತ್ರ ಏರಿತು! ಔಷಧ ನಿಲ್ಲಿಸಿದ ಮೇಲೆ ಅದು ಹಿಂದಿನಂತಾಯಿತೆಂಬುದು ಸಮಾಧಾನದ ಸಂಗತಿ. ಸುಂದರವಾದ ತರ್ಕವನ್ನು ಶರೀರ ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ.

ಆ ದಿನ ವೈದ್ಯರ ಮನೆಯಿಂದ ಹಿಂದಿರುಗಿದ ಮೇಲೆ ಭಾವನವರು ಹಜಾರದ ಕುರ್ಚಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, “ಅಮ್ಮನಿಗೂ ಮಂಡಿನೋವಿತ್ತಲ್ಲ ಮೇಷ್ಟ್ರೆ. ಕಾಲು ಊದುವುದಕ್ಕೆ ಮೊದಲು ಎರಡು ಮೂರು ವರ್ಷ ಅಂಗಡಿಯಿಂದ ಮಾತ್ರೆ ತಂದುಕೊಡುತ್ತಿದ್ದವನು ನಾನು” ಎಂದರು.

ಇಪ್ಪತ್ತು ವರ್ಷದ ಮಧುಮೇಹವೂ ಹತೋಟಿಗೆ ಬಾರದಿದ್ದ ಒತ್ತಡವೂ ತಾವಾಗಿಯೇ ಅಷ್ಟು ಹಾನಿಯನ್ನು ಮಾಡಬಲ್ಲವು. ಮಾತ್ರೆಯ ಪಾಲೆಷ್ಟೆಂದು ಈಗ ಬ್ರಹ್ಮನೂ ಬಿಡಿಸಿ ಹೇಳಲಾರ. ಇದನ್ನು ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಬಂದ ನನ್ನ ಹೆಂಡತಿ, “ಆಗ ನಿನಗೆ ಯಾರು ಹೇಳಿದ್ದರು, ಅಣ್ಣ? ಎಲೆ ಹಾಕಿದೆ, ಊಟಕ್ಕೆ ಏಳು” ಎಂದಳು. ಅವರು ಎದ್ದರು. ಆ ಮಾತು ಪುನಃ ನಮ್ಮ ಮನೆಯಲ್ಲಿ ಬಂದಿಲ್ಲ.

ಹಾಗಾದರೆ ಕೆಂಡವನ್ನು ಆರಿಸುವ ಮದ್ದು ಯಾವುದೂ ಇಲ್ಲವೆ? ನೇರವಾಗಿ ಉರಿಯೂತದ ಮೇಲೆಯೇ ಹೋಗುವ ಔಷಧಗಳನ್ನು ಪ್ರಯೋಗಿಸಿ ನೋಡುತ್ತಿದ್ದಾರೆ. ಬಾರ್ಡಾಕ್ಸೊಲೋನ್ ಎಂಬುದರ ದೊಡ್ಡ ಪರೀಕ್ಷೆಯನ್ನು ಹೃದಯಕ್ಕೆ ಅಪಾಯ ಕಂಡಿದ್ದರಿಂದ 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಕೀಲುವಾತಕ್ಕೆ ಕೊಡುವ ಬಾರಿಸಿಟಿನಿಬ್ ಎಂಬುದು ಆಲ್ಬುಮಿನನ್ನು ಇಳಿಸಿತೆಂದು 2018ರಲ್ಲಿ ಬಂದ ಚಿಕ್ಕ ಪರೀಕ್ಷೆಯೊಂದು ಹೇಳಿತು. ಅಷ್ಟರಿಂದಲೇ ಅದು ಮೂತ್ರಪಿಂಡದ ನಿತ್ಯೌಷಧವಾಗಲಿಲ್ಲ. ಈಗ ನಿಜವಾಗಿ ಕೈಹಿಡಿಯುತ್ತಿರುವುವು ಬೇರೆ. ಒತ್ತಡದ ಮಾತ್ರೆಗಳಲ್ಲಿ ಒಂದಾದ ಕ್ಯಾಪ್ಟೊಪ್ರಿಲ್ ಮಧುಮೇಹಿಗಳ ಮೂತ್ರಪಿಂಡವನ್ನು ಕಾಯುವುದೆಂದು 1993ರಲ್ಲಿ ಸಿದ್ಧವಾಯಿತು. ಇನ್ನೊಂದರ ಕಥೆ ಕುತೂಹಲಕರವಾದದ್ದು. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿಯಾದ ವಸ್ತುವನ್ನು ತೆಗೆದಿದ್ದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುವುದೆಂದು ಫಾನ್ ಮೇರಿಂಗ್ 1886ರಲ್ಲಿ ಕಂಡನು. ಮೂತ್ರದಲ್ಲಿ ಸಕ್ಕರೆ ಹೋಗುವುದೇ ರೋಗವೆಂದು ತಿಳಿದಿದ್ದ ಕಾಲದಲ್ಲಿ ಅದನ್ನು ಔಷಧವೆಂದು ಯಾರು ಭಾವಿಸಬೇಕು? ನೂರು ವರ್ಷಕ್ಕೂ ಮೇಲ್ಪಟ್ಟು ಕಾದಿದ್ದು, ಆ ವಸ್ತುವಿನ ಜಾಡಿನಲ್ಲಿ ಹುಟ್ಟಿದ ಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರಪಿಂಡದ ಇಳಿಜಾರನ್ನು ನಿಧಾನಗೊಳಿಸುತ್ತವೆಂದು 2019ರ ದೊಡ್ಡ ಪರೀಕ್ಷೆ ನಿಶ್ಚಯಪಡಿಸಿತು. ಇವುಗಳಿಂದ ಮೇಲೆ ಹೇಳಿದ ಟಿ.ಎನ್.ಎಫ್. ಗ್ರಾಹಕವೂ ಸ್ವಲ್ಪ ಇಳಿಯುವುದನ್ನು ಕೆಲವರು ಕಂಡಿದ್ದಾರೆ. ಫಿನೆರೆನೋನ್ ಎಂಬುದು 2020ರಲ್ಲಿಯೂ ಸೆಮಾಗ್ಲುಟೈಡ್ ಎಂಬುದು 2024ರಲ್ಲಿಯೂ ಇದೇ ಸಾಲಿಗೆ ಸೇರಿದುವು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ನೆರೆಮನೆಯವರ ಚೀಟಿಯನ್ನು ನೋಡಿ ತರಿಸಿಕೊಳ್ಳುವ ಔಷಧಗಳಲ್ಲ ಇವು.

ಬಾಸ್ಟನ್ನಿನ ಹದಿನೇಳು ಪ್ರೋಟೀನುಗಳು ನಮ್ಮ ಊರಿಗೆ ಬರುವ ತನಕ ಗೃಹಸ್ಥರ ಕೈಯಲ್ಲಿರುವುವು ಎರಡೇ ಪರೀಕ್ಷೆಗಳು, ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್. ಸಾಮಾನ್ಯ ಮಧುಮೇಹದಲ್ಲಿ ರೋಗ ತಿಳಿದ ದಿನದಿಂದಲೇ, ಒಂದನೆಯ ಬಗೆಯದರಲ್ಲಿ ಐದು ವರ್ಷವಾದಂದಿನಿಂದ, ವರ್ಷಕ್ಕೊಂದಾವೃತ್ತಿಯಾದರೂ ಎರಡನ್ನೂ ಮಾಡಿಸಬೇಕೆಂದು ವಿಧಿ. ಅನೇಕರು ರಕ್ತವನ್ನು ಕೊಟ್ಟು ಬರುತ್ತಾರೆ. ಮೂತ್ರವನ್ನು ಕೊಡುವುದಕ್ಕೆ ಸಂಕೋಚಪಡುತ್ತಾರೆ. ಕ್ರಿಯಾಟಿನಿನ್ ಏರುವುದು ತಡವಾಗಿ, ಆಲ್ಬುಮಿನ್ ಬರುವುದು ಸಾಮಾನ್ಯವಾಗಿ ಮೊದಲು. ಈ ಸಂಕೋಚದ ಬೆಲೆ ಬಹಳ.

ಇವಳ ಸಿ.ಆರ್.ಪಿ.ಯ ಕೆಂಪು ಬಾಣ ಎಲ್ಲಿಂದ ಬಂದಿತೆಂಬುದಕ್ಕೂ ಉತ್ತರ ಸಿಕ್ಕಿತು. ಬಲಗಡೆಯ ದವಡೆಹಲ್ಲಿನ ಬುಡದಲ್ಲಿ ಕೀವಿತ್ತು. ದಂತವೈದ್ಯರು ಅದನ್ನು ಕಿತ್ತಮೇಲೆ ಅಂಕಿ ಎರಡಕ್ಕೆ ಇಳಿಯಿತು. ಆಲ್ಬುಮಿನ್ ಎರಡನೆಯ ಸಲ 57, ಮೂರನೆಯ ಸಲ 41. ಇಳಿದಿದೆ, ಆದರೂ ಮೂರು ಸಲವೂ 30ನ್ನು ದಾಟಿದ್ದರಿಂದ ಎಚ್ಚರಿಕೆಯ ಮೆಟ್ಟಿಲನ್ನು ಇನ್ನೂ ಇಳಿದಂತಾಗಲಿಲ್ಲ. ಸೇಬಿನ ಬೇರಿನ ವಂಶದ ಮಾತ್ರೆಯೊಂದು ಬೆಳಗಿನ ಡಬ್ಬಿಗೆ ಹೊಸದಾಗಿ ಸೇರಿದೆ. ಮಂಡಿಗೆ ಉಪ್ಪಿನ ಗಂಟಿನ ಶಾಖ, ಕುರ್ಚಿಯ ಮೇಲೆ ಕುಳಿತು ಕಾಲು ನೀಡುವ ವ್ಯಾಯಾಮ, ತಡೆಯಲಾರದ ದಿನ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್. ಮೆಟ್ಟಿಲು ಹತ್ತುವಾಗ ಈಗಲೂ ನೋಯುತ್ತದೆಂದು ಹೇಳುತ್ತಾಳೆ, ಅದು ಸುಳ್ಳಲ್ಲ.

ಭಾವನವರು ಹನ್ನೆರಡು ವರ್ಷದಿಂದ ತಮ್ಮ ಮೂತ್ರವನ್ನು ಒಂದು ಸಲವೂ ಪರೀಕ್ಷೆಗೆ ಕೊಟ್ಟಿರಲಿಲ್ಲವೆಂಬುದು ಈ ಸಂದರ್ಭದಲ್ಲಿ ಹೊರಬಿದ್ದಿತು. ಬರುವ ಸೋಮವಾರ ಕೊಡುವುದಾಗಿ ತಂಗಿಗೆ ಮಾತು ಕೊಟ್ಟಿದ್ದಾರೆ. ಬೆಳಗಿನ ಮೊದಲನೆಯದೇ ಆಗಬೇಕೆ, ಎರಡನೆಯದೂ ಆಗಬಹುದೆ ಎಂದು ಕೇಳುವುದಕ್ಕೆ ನಿನ್ನೆಯಿಂದ ನನಗೆ ಎರಡು ಸಲ ಫೋನು ಮಾಡಿದರು.